ಅಯಸ್ಕಾಂತ ಚಿಕಿತ್ಸೆ ಮತ್ತು ರೋಗಿಯ ಸಾಕ್ಷ್ಯ: ಒಂದು ವೈದ್ಯಕೀಯ ಪ್ರಬಂಧದ ಆಕರವಿಮರ್ಶೆ

1996ರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದ ಹೆಸರನ್ನೇ ತನ್ನ ಹೆಸರನ್ನಾಗಿ ಉಳ್ಳ ವೈದ್ಯಕೀಯ ಪತ್ರಿಕೆಯ ಎರಡನೆಯ ಸಂಪುಟದಲ್ಲಿ ಆರು ಪುಟಗಳ ಪ್ರಬಂಧವೊಂದು ಪ್ರಕಟವಾಯಿತು. ಅದನ್ನು ಬರೆದವರು ಡೆನ್ಮಾರ್ಕಿನ ನೀಲ್ಸನ್, ಸಿಂಕ್ಯಾರ್ ಮತ್ತು ಯಾಕೋಬ್ಸನ್ ಎಂಬ ಮೂವರು ಸಂಶೋಧಕರು. ಬೆನ್ನಿನ ಮೇಲೆ ವಿದ್ಯುತ್ ಸುರುಳಿಯನ್ನಿಟ್ಟು ಕ್ಷಣಿಕವಾದ ಕಾಂತಸ್ಪಂದಗಳನ್ನು ಮೇಲಿಂದ ಮೇಲೆ ಹಾಯಿಸಿದರೆ ಈ ರೋಗದಲ್ಲಿ ಕಾಲುಗಳಿಗೆ ಬರುವ ಬಿಗಿತವು, ಎಂದರೆ ವೈದ್ಯರು ಸ್ಪಾಸ್ಟಿಸಿಟಿ ಎಂದು ಕರೆಯುವ ಸೆಡೆತವು, ಸಡಿಲವಾಗುವುದೇ ಎಂಬುದು ಅದರ ವಿಷಯ. ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ನರರೋಗದ ಪ್ರಬಂಧವೊಂದರ ವಿಮರ್ಶೆಗೇನು ಕೆಲಸವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಔಷಧದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಸಾಕ್ಷ್ಯವನ್ನು ತೂಗುವ ಕೆಲಸವು ನಮ್ಮದು. ಈ ಪ್ರಬಂಧದ ತಿರುಳಾದರೋ ಸಾಕ್ಷ್ಯದ ಪ್ರಶ್ನೆಯೇ ಆಗಿದೆ.

ಇದನ್ನು ಓದುವ ಪ್ರಸಂಗವು ನಮಗೆ ಒದಗಿದುದು ನಮಗೆ ಪಾಠ ಹೇಳಿದ, ಈಗ ನಿವೃತ್ತರಾಗಿರುವ ಹಿರಿಯರೊಬ್ಬರಿಂದ. ಅವರಿಗೆ ಈ ರೋಗವು ಅಂಟಿಕೊಂಡು ಬಹಳ ವರ್ಷಗಳಾದವು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಕಾಲುಗಳು ಮರದ ಕೊರಡಿನಂತೆ ಸೆಟೆದುಕೊಂಡಿರುತ್ತವೆ. ಅವುಗಳನ್ನು ಮಡಿಸಲು ಮನೆಯವರು ನೆರವಾಗಬೇಕು. ಯಾರೋ ಹೇಳಿದರೆಂದು ಅವರು ಸೊಂಟಕ್ಕೆ ಸುತ್ತುವ ಅಯಸ್ಕಾಂತದ ಪಟ್ಟಿಯೊಂದನ್ನು ತರಿಸಿಕೊಂಡರು. ಕಟ್ಟಿಕೊಂಡ ವಾರದಲ್ಲಿ ಸ್ವಲ್ಪ ಹಗುರವೆನಿಸಿತು. ಅದು ಮನಸ್ಸಿನ ಎಣಿಕೆಯಾಗಿರಬಹುದೆಂದು ನಾವು ಸಂಕೋಚದಿಂದಲೇ ಹೇಳಿದೆವು. ಆಗ ಅವರು, "ಏನಪ್ಪಾ, ಬಾಯಿಲ್ಲದ ಕಲ್ಲು ಹೇಳಿದ್ದನ್ನು ಸಾಕ್ಷ್ಯವೆಂದು ಬರೆದುಕೊಳ್ಳುತ್ತೀಯೆ. ನನಗೆ ಬಾಯಿದೆ, ನನ್ನ ಕಾಲಿನ ವಿಷಯ ನಾನೇ ಹೇಳುತ್ತಿದ್ದೇನೆ. ಅದು ಸಾಕ್ಷ್ಯವಲ್ಲವೇ?" ಎಂದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಮೇಲ್ಕಂಡ ಪ್ರಬಂಧವನ್ನು ಹುಡುಕಿ ಓದಿದುದು ಆ ಬಳಿಕವೇ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಸೊಂಟದ ಪಟ್ಟಿಯಲ್ಲಿರುವ ಅಯಸ್ಕಾಂತವೂ ಡೆನ್ಮಾರ್ಕಿನವರ ಸುರುಳಿಯೂ ಒಂದೇ ಜಾತಿಯವಲ್ಲ. ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು 1831ರಲ್ಲಿ ಫ್ಯಾರಡೆ ಕಂಡುಹಿಡಿದನು. ಅಲ್ಲಿ ಮುಖ್ಯವಾದುದು ಬದಲಾವಣೆ. ಅಲುಗಾಡದ ಕಾಂತವು ಅಲುಗಾಡದ ದೇಹದಲ್ಲಿ ಯಾವ ಪ್ರವಾಹವನ್ನೂ ಎಬ್ಬಿಸದು. ಸುರುಳಿಯಲ್ಲಾದರೋ ಸಂಗ್ರಹಿಸಿಟ್ಟ ವಿದ್ಯುತ್ತನ್ನು ಒಮ್ಮೆಲೇ ಬಿಟ್ಟು, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಮೆಯ ಅವಧಿಯಲ್ಲಿ ಒಂದೆರಡು ಟೆಸ್ಲಾದಷ್ಟು ಪ್ರಬಲವಾದ ಕ್ಷೇತ್ರವನ್ನು ಏರಿಸಿ ಇಳಿಸುತ್ತಾರೆ. ಚರ್ಮವಾಗಲಿ ಮೂಳೆಯಾಗಲಿ ಇದಕ್ಕೆ ಅಡ್ಡ ಬರುವುದಿಲ್ಲ. ಒಳಗಿನ ನರಗಳಲ್ಲಿ ಪ್ರವಾಹವು ಹುಟ್ಟಿ ಅವು ಚೋದಿತವಾಗುತ್ತವೆ. 1896ರಲ್ಲಿ ಫ್ರಾನ್ಸಿನ ದಾರ್ಸೋನ್ವಾಲ್ ಎಂಬ ವಿಜ್ಞಾನಿಯು ಇಂತಹ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣಿನ ಮುಂದೆ ಬೆಳಕು ಮಿನುಗುವುದನ್ನೂ ತಲೆ ಸುತ್ತುವುದನ್ನೂ ವರದಿ ಮಾಡಿದ್ದನು. 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬಿಬ್ಬರು ನೆತ್ತಿಯ ಮೇಲಿಂದ ನೇರವಾಗಿ ವಿದ್ಯುತ್ತನ್ನು ಹಾಯಿಸಿ ಮಿದುಳನ್ನು ಚೋದಿಸಿದರು; ಅದು ನೋವಿನ ವಿಧಾನವಾಗಿತ್ತು. ನೋವಿಲ್ಲದೆ ಅದೇ ಕಾರ್ಯವನ್ನು ಕಾಂತದಿಂದ ಸಾಧಿಸಿದ ಕೀರ್ತಿಯು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಬಾರ್ಕರ್ ಮತ್ತು ಅವನ ಸಹೋದ್ಯೋಗಿಗಳಿಗೆ ಸಲ್ಲುತ್ತದೆ. ನಮ್ಮ ಗುರುಗಳ ಪಟ್ಟಿಗೂ ಈ ಪರಂಪರೆಗೂ ಸಂಬಂಧವಿಲ್ಲ. ಹೆಸರು ಮಾತ್ರ ಸಮಾನ.

ಹೆಸರಿನ ಮಾತು ಬಂದುದರಿಂದ ಮತ್ತೊಂದನ್ನೂ ಹೇಳಬೇಕಾಗಿದೆ. ಈ ವಿಧಾನವನ್ನು ಸಾಮಾನ್ಯವಾಗಿ ಬೆನ್ನುಹುರಿಯ ಕಾಂತಪ್ರಚೋದನೆಯೆಂದು ಕರೆಯುವುದುಂಟು. ಆದರೆ ಬೆನ್ನಿನ ಮೇಲೆ ಸುರುಳಿಯನ್ನಿಟ್ಟಾಗ ಸುಲಭವಾಗಿ ಚೋದಿತವಾಗುವುದು ಹುರಿಯಲ್ಲ. ಕಶೇರುಗಳ ಸಂದಿಯ ರಂಧ್ರಗಳಿಂದ ಹೊರಬೀಳುವ ನರಮೂಲಗಳು. ಮೂಳೆಯು ವಿದ್ಯುತ್ತಿಗೆ ದುರ್ವಾಹಕವಾದುದರಿಂದ ಪ್ರವಾಹವು ಆ ರಂಧ್ರಗಳಲ್ಲಿ ಸಾಂದ್ರವಾಗುತ್ತದೆ. ಹುರಿಯ ಮೇಲೆ ಆಗುವ ಪರಿಣಾಮವು ಬಹುಮಟ್ಟಿಗೆ ಈ ಮೂಲಗಳ ಮಾರ್ಗವಾಗಿ ಒಳಹೊಕ್ಕ ಸಂದೇಶಗಳ ಪರಿಣಾಮವೆಂದೇ ತಿಳಿಯಬೇಕಾಗುತ್ತದೆ. ದಂಡನಾಯಕನ ಗೆಲವನ್ನು ಅರಸನ ಹೆಸರಿಗೆ ಬರೆಯುವ ಪ್ರಶಸ್ತಿಕಾರರ ವಾಡಿಕೆಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೂ ಹೆಸರೇ ಪ್ರಮಾಣವೆಂಬಂತೆ ವಿದ್ಯಾರ್ಥಿಗಳು ಬರೆದುಕೊಂಡು ಹೋಗುವುದನ್ನು ಕಂಡಿರುವುದರಿಂದ ಎಚ್ಚರಿಸಿದ್ದೇವೆ.

ಇನ್ನು ರೋಗದ ವಿಚಾರ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ಆ ಹೊದಿಕೆಯ ಮೇಲೆ ತಿರುಗಿಬಿದ್ದು ಅಲ್ಲಲ್ಲಿ ಅದನ್ನು ಕೆಡಿಸುತ್ತದೆ. ಕೆಟ್ಟ ಎಡೆಗಳು ಕಾಲಾಂತರದಲ್ಲಿ ಗಟ್ಟಿಯಾದ ಮಚ್ಚೆಗಳಾಗುತ್ತವೆ. ಮೇಲಿನಿಂದ ಬರುವ ಹತೋಟಿಯು ತಪ್ಪಿದಾಗ ಕೆಳಗಿನ ಪ್ರತಿವರ್ತನೆಗಳು ಅಂಕೆಯಿಲ್ಲದಂತಾಗಿ, ಮಾಂಸಖಂಡವನ್ನು ಎಳೆದ ವೇಗವು ಹೆಚ್ಚಿದಷ್ಟೂ ಅದು ಬಿಗಿದುಕೊಂಡು ಎದುರಿಸುತ್ತದೆ. 1980ರಲ್ಲಿ ಲಾನ್ಸ್ ಎಂಬ ವಿದ್ವಾಂಸನು ಮಾಡಿದ ಲಕ್ಷಣನಿರೂಪಣೆಯ ಸಾರವು ಇದೇ. ವಿಮರ್ಶಕನು ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ರೋಗವು ಅನೇಕರಲ್ಲಿ ಒಂದೇ ಹದದಲ್ಲಿರದೆ ಏರುತ್ತ ಇಳಿಯುತ್ತ ನಡೆಯುವುದು. ಉಲ್ಬಣಗೊಂಡಾಗ ರೋಗಿಯು ವೈದ್ಯನನ್ನು ಅರಸುತ್ತಾನೆ. ಉಲ್ಬಣವು ತಾನಾಗಿ ತಗ್ಗಿದಾಗ ಆಗ ಕೈಯಲ್ಲಿದ್ದ ಔಷಧಕ್ಕೆ ಯಶಸ್ಸು ದೊರೆಯುತ್ತದೆ. ಈ ರೋಗದ ಚಿಕಿತ್ಸೆಯ ಇತಿಹಾಸವು ಇಂತಹ ಯಶಸ್ಸುಗಳಿಂದ ತುಂಬಿದೆ. 1983ರಲ್ಲಿ ಒತ್ತಡದ ಕೋಣೆಯಲ್ಲಿ ಆಮ್ಲಜನಕವನ್ನು ಕೊಟ್ಟರೆ ಗುಣವುಂಟೆಂದು ವರದಿಯಾಯಿತು. ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. 2009ರಲ್ಲಿ ಇಟಲಿಯ ಜಂಬೋನಿ ಎಂಬ ಶಸ್ತ್ರವೈದ್ಯನು ಕತ್ತಿನ ರಕ್ತನಾಳಗಳ ಇಕ್ಕಟ್ಟಿಗೂ ಈ ರೋಗಕ್ಕೂ ನಂಟು ಕಲ್ಪಿಸಿದನು. ನಾಳಗಳನ್ನು ಹಿಗ್ಗಿಸಿಕೊಳ್ಳಲು ರೋಗಿಗಳು ದೇಶದಿಂದ ದೇಶಕ್ಕೆ ಅಲೆದರು. ಕಡೆಗೆ ಅವನೇ ಮುಂದಾಗಿ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವು ಕಾಣಲಿಲ್ಲ. ತನ್ನ ಮತವನ್ನು ತಾನೇ ಪರೀಕ್ಷೆಗೊಡ್ಡಿ ಪ್ರತಿಕೂಲವಾದ ಫಲಿತಾಂಶವನ್ನು ಪ್ರಕಟಿಸಿದ ಆ ವೈದ್ಯನನ್ನು ನಾವು ಇಲ್ಲಿ ಹಳಿಯುವುದಕ್ಕಾಗಿ ಹೆಸರಿಸುತ್ತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪ್ರಬಂಧದ ಒಳಹೊಗುವ ಮುನ್ನ ಕಾಂತಚಿಕಿತ್ಸೆಯ ಪೂರ್ವೇತಿಹಾಸದಲ್ಲಿ ಎರಡು ವಿಚಾರಣೆಗಳನ್ನು ನೋಡುವುದು ಅವಶ್ಯ. ಒಂದು ಯಶಸ್ವಿಯಾದುದು, ಮತ್ತೊಂದು ಎಡವಿದುದು.

ಮೊದಲನೆಯದು 1784ರದು. ಮೆಸ್ಮರನ ಜೈವಿಕ ಕಾಂತತ್ವದ ಚಿಕಿತ್ಸೆಯು ಪ್ಯಾರಿಸ್ ನಗರವನ್ನೆಲ್ಲ ಮರುಳುಗೊಳಿಸಿದ್ದಾಗ ಹದಿನಾರನೆಯ ಲೂಯಿ ದೊರೆಯು ವಿಚಾರಣಾ ಮಂಡಲಿಯೊಂದನ್ನು ನೇಮಿಸಿದನು. ಬೆಂಜಮಿನ್ ಫ್ರ್ಯಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೇ, ಖಗೋಳಜ್ಞ ಬೈಯಿ, ವೈದ್ಯ ಗಿಯೋತ್ಯಾಂ ಮೊದಲಾದವರು ಅದರ ಸದಸ್ಯರು. (ಇವರಲ್ಲಿ ನಾಲ್ಕನೆಯವನ ಹೆಸರನ್ನು ಹೊತ್ತ ಯಂತ್ರಕ್ಕೆ ಎರಡನೆಯವನೂ ಮೂರನೆಯವನೂ ಹತ್ತು ವರ್ಷಗಳೊಳಗೆ ತಲೆಯೊಪ್ಪಿಸಬೇಕಾಯಿತೆಂಬುದು ವಿಷಯಾಂತರ.) ಮೆಸ್ಮರನ ಬದಲು ಅವನ ಶಿಷ್ಯ ದೆಲೋಂ ಚಿಕಿತ್ಸೆಯನ್ನು ತೋರಿಸಲು ಒಪ್ಪಿದನು. ಪಾಸೀ ಎಂಬಲ್ಲಿ ಫ್ರ್ಯಾಂಕ್ಲಿನನ ಮನೆಯ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಕಾಂತಶಕ್ತಿಯನ್ನು ತುಂಬಲಾಯಿತು. ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣುಕಟ್ಟಿ ಬೇರೆ ಬೇರೆ ಮರಗಳ ಬಳಿಗೆ ನಡೆಸಲಾಯಿತು. ಹುಡುಗನು ನಾಲ್ಕನೆಯ ಮರದಡಿಯಲ್ಲಿ ಮೂರ್ಛೆಹೋದನು. ಕಾಂತವಿದ್ದ ಮರವು ಅದಾಗಿರದೆ ಅಲ್ಲಿಂದ ದೂರದಲ್ಲಿತ್ತು. ಕಲ್ಪನೆಯಿದ್ದರೆ ಕಾಂತವಿಲ್ಲದೆಯೂ ಸೆಡೆತವು ಬರುವುದು, ಕಲ್ಪನೆಯಿಲ್ಲದಿದ್ದರೆ ಕಾಂತದಿಂದ ಏನೂ ಆಗದು ಎಂಬ ಅಭಿಪ್ರಾಯಕ್ಕೆ ಮಂಡಲಿಯು ಬಂದಿತು. ಸಾಕ್ಷಿಗೆ ಪ್ರಶ್ನೆಯ ನಿರೀಕ್ಷಿತ ಉತ್ತರವು ತಿಳಿಯದಂತೆ ಮಾಡುವುದು, ಇದು ಮಂಡಲಿಯ ದೊಡ್ಡ ಶೋಧ. ಆ ವರ್ಷವೇ ವೈದ್ಯಕೀಯ ಸಂಘದ ಇನ್ನೊಂದು ಮಂಡಲಿಯೂ ಇದೇ ತೀರ್ಮಾನಕ್ಕೆ ಬಂದಾಗ ಸಸ್ಯಶಾಸ್ತ್ರಜ್ಞ ಜ್ಯೂಸಿಯೂ ಒಬ್ಬನು ಸಹಿ ಹಾಕಲೊಪ್ಪದೆ ಪ್ರತ್ಯೇಕ ವರದಿಯನ್ನು ಸಲ್ಲಿಸಿದನು. ಮೆಸ್ಮರನ ದ್ರವಸಿದ್ಧಾಂತವನ್ನು ಅವನೂ ಒಪ್ಪಿರಲಿಲ್ಲ. ಆದರೆ ಕೆಲವು ಪರಿಣಾಮಗಳನ್ನು ಬರಿಯ ಕಲ್ಪನೆಯೆಂದು ತಳ್ಳಿಬಿಡುವುದು ಸರಿಯಲ್ಲವೆಂದು ಅವನಿಗೆ ತೋರಿತ್ತು. ಈ ಭಿನ್ನಮತದ ವರದಿಯನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಎರಡನೆಯ ವಿಚಾರಣೆಯು ನಮಗೆ ಹೆಚ್ಚು ಹತ್ತಿರದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗವನ್ನು ಮಿಕ್ಕ ನಡುಕದ ರೋಗಗಳಿಂದ ಬೇರ್ಪಡಿಸಿ 1868ರಲ್ಲಿ ಅದರ ಲಕ್ಷಣಗಳನ್ನು ನಿರೂಪಿಸಿದವನು ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಶಾರ್ಕೋ. ಅದೇ ಶಾರ್ಕೋ 1876ರಲ್ಲಿ ಮತ್ತೊಂದು ಮಂಡಲಿಯ ಸದಸ್ಯನಾದನು. ಬ್ಯೂರ್ಕ್ ಎಂಬ ವೈದ್ಯನು ಉನ್ಮಾದರೋಗಿಗಳ ಸ್ಪರ್ಶಜ್ಞಾನವಿಲ್ಲದ ಅಂಗದ ಮೇಲೆ ಲೋಹದ ಬಿಲ್ಲೆಗಳನ್ನಿಟ್ಟರೆ ಸ್ಪರ್ಶವು ಮರಳುವುದೆಂದು ಬಹುಕಾಲದಿಂದ ಸಾರುತ್ತಿದ್ದನು. ಜೀವಶಾಸ್ತ್ರ ಸಂಘವು ಅದನ್ನು ಪರೀಕ್ಷಿಸಲು ಶಾರ್ಕೋ, ಲ್ವೀಸ್, ದ್ಯೂಮೋಂಪಾಲಿಯೇ ಎಂಬ ಮೂವರನ್ನು ನೇಮಿಸಿತು. ಮಂಡಲಿಯು ಬ್ಯೂರ್ಕನ ಹೇಳಿಕೆಯನ್ನು ಎತ್ತಿಹಿಡಿಯಿತು. ಅಷ್ಟಕ್ಕೇ ನಿಲ್ಲದೆ, ಒಂದು ಪಾರ್ಶ್ವದ ಜಡತೆಯು ಮತ್ತೊಂದು ಪಾರ್ಶ್ವಕ್ಕೆ ದಾಟುವುದೆಂಬ ವಿಚಿತ್ರವನ್ನೂ ಕಂಡಿತು. ಮುಂದೆ ಅಯಸ್ಕಾಂತಗಳಿಂದಲೂ ಅದೇ ದಾಟನ್ನು ಪ್ರದರ್ಶಿಸಲಾಯಿತು. ನಾನ್ಸೀ ನಗರದ ಬರ್ನ್‌ಹೈಮ್ ಇದೆಲ್ಲವೂ ಸೂಚನೆಯ ಫಲವೆಂದು ವಾದಿಸಿದನು; ಕಾಲವು ಅವನ ಪಕ್ಷವನ್ನೇ ಹಿಡಿಯಿತು.

ಒಬ್ಬನೇ ವೈದ್ಯ, ಒಂದೇ ಆಸ್ಪತ್ರೆ, ಒಂದೇ ಕಣ್ಣುಗಳು. ಒಂದು ಕಡೆ ಸರಿಯಾಗಿ ಕಂಡುದು ಮತ್ತೊಂದು ಕಡೆ ಏಕೆ ತಪ್ಪಾಗಿ ಕಂಡಿತು? ಮಲ್ಟಿಪಲ್ ಸ್ಕ್ಲೆರೋಸಿಸ್ ವಿಷಯದಲ್ಲಿ ಶಾರ್ಕೋ ರೋಗಿಯು ಬದುಕಿದ್ದಾಗ ಕಂಡ ಲಕ್ಷಣಗಳನ್ನು ಮರಣಾನಂತರ ಮಿದುಳು ಬೆನ್ನುಹುರಿಗಳಲ್ಲಿ ಕಂಡ ಮಚ್ಚೆಗಳೊಡನೆ ಹೋಲಿಸಿ ನೋಡಿದನು. ಆ ಮಚ್ಚೆಗಳಿಗೆ ವೈದ್ಯನ ನಿರೀಕ್ಷೆಯು ತಿಳಿಯದು. ಬ್ಯೂರ್ಕನ ಬಿಲ್ಲೆಗಳ ವಿಷಯದಲ್ಲಿ ರೋಗಿಗೂ ಪರೀಕ್ಷಕನಿಗೂ ಬರಬೇಕಾದ ಉತ್ತರವು ಮೊದಲೇ ತಿಳಿದಿತ್ತು. ಹೊರಗಿನ ಮೂರನೆಯ ಸಾಕ್ಷಿಯೇ ಇರಲಿಲ್ಲ. 1784ರಲ್ಲಿ ತಿಳಿದಿದ್ದುದು 1876ರಲ್ಲಿ ಮರೆತುಹೋಗಿತ್ತೆಂಬುದು ವಿಷಾದಕರ. ಜ್ಞಾನವು ಒಂದೇ ಮುಖವಾಗಿ ಏರುತ್ತ ಹೋಗುವುದೆಂದು ನಂಬಿರುವ ವಿದ್ಯಾರ್ಥಿಗಳು ಈ ತೊಂಬತ್ತೆರಡು ವರ್ಷಗಳನ್ನು ಲೆಕ್ಕ ಹಾಕಿ ನೋಡಬೇಕು.

ಈಗ ಡೆನ್ಮಾರ್ಕಿನ ಪ್ರಬಂಧಕ್ಕೆ ಬರೋಣ. ಈ ಗುಂಪಿನವರು 1995ರಲ್ಲಿಯೇ ಒಂದು ಕಿರುಲೇಖನದಲ್ಲಿ ಇದನ್ನು ಹೊಸ ಚಿಕಿತ್ಸೆಯೆಂದು ಪ್ರಸ್ತಾಪಿಸಿದ್ದರು. 1996ರ ಪರೀಕ್ಷೆಯಲ್ಲಿ ಇದ್ದವರು 38 ಮಂದಿ ರೋಗಿಗಳು. 21 ಮಂದಿಗೆ ನಿಜವಾದ ಕಾಂತಸ್ಪಂದಗಳು, 17 ಮಂದಿಗೆ ತೋರಿಕೆಯ ಚಿಕಿತ್ಸೆ. ದಿನಕ್ಕೆ ಎರಡು ಬಾರಿಯಂತೆ ಏಳು ದಿನ. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಪರೀಕ್ಷಕನಿಗೂ ತಿಳಿಯದು. ಪಾಸೀಯ ತೋಟದ ಕಣ್ಣುಪಟ್ಟಿಯನ್ನು ಇಲ್ಲಿ ಇಬ್ಬರಿಗೂ ಕಟ್ಟಲಾಗಿದೆ ಎಂದರೆ ತಪ್ಪಾಗದು. ಫಲವನ್ನು ಅಳೆಯಲು ಮೂರು ಅಳತೆಗಳನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು. ದಿನನಿತ್ಯದ ಕೆಲಸಗಳು ಎಷ್ಟು ಸುಲಭವಾದುವೆಂದು ರೋಗಿಯೇ ಹಾಕಿಕೊಳ್ಳುವ ಅಂಕ ಮೊದಲನೆಯದು. ಬಿಗಿತವನ್ನು ವೈದ್ಯನು ಪರೀಕ್ಷಿಸಿ ಕೊಡುವ ಅಂಕ ಎರಡನೆಯದು. ಎಷ್ಟು ವೇಗದಲ್ಲಿ ಹಿಗ್ಗಿಸಿದರೆ ಮಾಂಸಖಂಡವು ತಿರುಗಿ ಬಿಗಿಯತೊಡಗುತ್ತದೆಂಬುದನ್ನು ಉಪಕರಣದಿಂದ ಅಳೆಯುವ ಪ್ರತಿವರ್ತನೆಯ ಮಿತಿ ಮೂರನೆಯದು. ಮಿತಿಯು ಏರಿದರೆ ಬಿಗಿತವು ಇಳಿಯಿತೆಂದು ಅರ್ಥ.

ಫಲಿತಾಂಶಗಳು ಹೀಗಿವೆ. ಪ್ರತಿವರ್ತನೆಯ ಮಿತಿಯು ನಿಜವಾದ ಚಿಕಿತ್ಸೆ ಪಡೆದವರಲ್ಲಿ ಸೆಕೆಂಡಿಗೆ ಸರಾಸರಿ 4.27 ಡಿಗ್ರಿಗಳಷ್ಟು ಏರಿತು. ತೋರಿಕೆಯ ಗುಂಪಿನಲ್ಲಿ 3.8 ಡಿಗ್ರಿಗಳಷ್ಟು ಇಳಿಯಿತು. ವೈದ್ಯನು ಕೊಟ್ಟ ಬಿಗಿತದ ಅಂಕವು ಮೊದಲ ಗುಂಪಿನಲ್ಲಿ 3.3ರಷ್ಟು ಸುಧಾರಿಸಿತು, ಎರಡನೆಯದರಲ್ಲಿ ಆದ ಬದಲಾವಣೆಯು ಒಂದು ಅಂಕಕ್ಕೂ ಕಡಮೆ. ಇವೆರಡರಲ್ಲಿಯೂ ಗುಂಪುಗಳ ಅಂತರವು ಆಕಸ್ಮಿಕವೆನ್ನಲಾಗದಷ್ಟು ಇದೆ. ರೋಗಿಗಳ ಸ್ವಂತ ಅಂಕವಾದರೋ ನಿಜವಾದ ಚಿಕಿತ್ಸೆಯಲ್ಲಿ ನೂರಕ್ಕೆ 22ರಷ್ಟು ಉತ್ತಮಗೊಂಡಿತು. ತೋರಿಕೆಯ ಚಿಕಿತ್ಸೆಯಲ್ಲಿ ನೂರಕ್ಕೆ 29ರಷ್ಟು!

ಈ ಮೂರನೆಯ ಸಾಲನ್ನು ಓದಿದಾಗ ನಾವು ಪುಸ್ತಕವನ್ನು ಕೆಳಗಿಟ್ಟೆವು. ಉಪಕರಣವು ಎರಡು ಗುಂಪುಗಳೂ ಬೇರೆಯೆಂದು ಹೇಳುತ್ತದೆ, ವೈದ್ಯನ ಕೈಯೂ ಹಾಗೆಯೇ ಹೇಳುತ್ತದೆ. ಕಾಲುಗಳ ಒಡೆಯರು ಮಾತ್ರ ಅಂತಹ ಭೇದವೇನನ್ನೂ ಕಾಣರು. 1784ರ ಹುಡುಗನ ವಿಷಯದಲ್ಲಿ ಇಂತಹ ತೊಡಕು ಇರಲಿಲ್ಲ. ಅಲ್ಲಿ ಇದ್ದುದು ಒಂದೇ ಸಾಕ್ಷ್ಯ, ಅದು ಬಿದ್ದುಹೋಯಿತು. ಇಲ್ಲಿ ಸಾಕ್ಷಿಗಳು ಮೂವರು. ಇಬ್ಬರದು ಒಂದು ಮಾತು, ಒಬ್ಬರದು ಮತ್ತೊಂದು. ಪ್ರಬಂಧಕಾರರು ಇಬ್ಬರ ಮಾತನ್ನು ಹಿಡಿದು, ತಮ್ಮ ಸಾಮಗ್ರಿಯು ಈ ವಿಧಾನಕ್ಕೆ ಬಿಗಿತವನ್ನು ತಗ್ಗಿಸುವ ಗುಣವಿದೆಯೆಂಬ ಭಾವನೆಯನ್ನು ಬೆಂಬಲಿಸುವುದೆಂದು ತೀರ್ಮಾನಿಸಿದ್ದಾರೆ. ರೋಗಿಗಳ ಅಂಕವನ್ನು ಅವರು ಮುಚ್ಚಿಟ್ಟಿಲ್ಲ. ಸಾರಾಂಶದಲ್ಲಿ ಅದನ್ನೇ ಮೊದಲು ಹೇಳಿದ್ದಾರೆ. ತಮಗೆ ಪ್ರತಿಕೂಲವಾದ ಲೇಖ್ಯವನ್ನು ಅನುಬಂಧದ ಮೂಲೆಗೆ ಒತ್ತುವ ನಮ್ಮವರ ಕೆಲವು ಪ್ರೌಢಪ್ರಬಂಧಗಳ ರೀತಿಯನ್ನು ನೆನೆದರೆ ಈ ಪ್ರಾಮಾಣಿಕತೆಯು ಶ್ಲಾಘ್ಯವೆಂದೇ ಹೇಳಬೇಕು.

ಆದರೂ ಮೂರು ಆಕ್ಷೇಪಗಳನ್ನು ಎತ್ತದೆ ಇರಲಾರೆವು.

ಸಂಖ್ಯೆಗಳ ಹರಹು ಮೊದಲಿನದು. ಮಿತಿಯ ಏರಿಕೆಯು ಸರಾಸರಿ 4.27 ಆದರೆ ಅದರ ವಿಚಲನೆಯು 7.51, ಸರಾಸರಿಗಿಂತ ಹರಹೇ ದೊಡ್ಡದು. ನಿಜವಾದ ಚಿಕಿತ್ಸೆ ಪಡೆದವರಲ್ಲಿಯೂ ಕೆಲವರ ಮಿತಿಯು ಏರದೆ ಇಳಿದಿರುವುದು ಸಂಭವ. ಎರಡು ಗುಂಪುಗಳ ನಡುವಣ ಅಂತರವು ಸುಮಾರು ಎಂಟು ಡಿಗ್ರಿ. ಅದರಲ್ಲಿ ಹೆಚ್ಚುಕಡಮೆ ಅರ್ಧವು ಚಿಕಿತ್ಸೆ ಪಡೆದವರು ಮೇಲಾದುದರಿಂದಲ್ಲ, ಪಡೆಯದವರು ಕೆಳಗಿಳಿದುದರಿಂದ ಬಂದುದು. ಏನನ್ನೂ ಮಾಡದ ಚಿಕಿತ್ಸೆಯಿಂದ ಒಂದು ವಾರದಲ್ಲಿ ಬಿಗಿತವು ಏಕೆ ಹೆಚ್ಚಬೇಕು? ಏರಿಳಿತವುಳ್ಳ ರೋಗದಲ್ಲಿ, ಹದಿನೇಳು ಜನರ ಗುಂಪಿನಲ್ಲಿ, ಇದು ಆಗಬಾರದುದೇನೂ ಅಲ್ಲ. ಅಷ್ಟು ಸಣ್ಣ ಗುಂಪಿನ ಮೇಲೆ ದೊಡ್ಡ ಕಟ್ಟಡವನ್ನು ಎಬ್ಬಿಸಬಾರದೆಂಬುದಷ್ಟೇ ನಮ್ಮ ಮಾತು.

ಎರಡನೆಯದು ತೋರಿಕೆಯ ಚಿಕಿತ್ಸೆಗೆ ಸಂಬಂಧಿಸಿದುದು. ಪಾಸೀಯ ಮರವು ಮೌನವಾಗಿತ್ತು. ಸುರುಳಿಯಾದರೋ ಪ್ರತಿ ಸ್ಪಂದಕ್ಕೂ ಟಕ್ಕೆಂದು ಸದ್ದು ಮಾಡುವುದಲ್ಲದೆ ಬೆನ್ನಿನ ಮಾಂಸಖಂಡಗಳನ್ನು ಮಿಡಿಸುತ್ತದೆ. ಸದ್ದನ್ನು ಅನುಕರಿಸುವುದು ಸುಲಭ, ಮಿಡಿತವನ್ನು ಅನುಕರಿಸುವುದು ಕಷ್ಟ. ಆದುದರಿಂದ ಕಾಂತಚಿಕಿತ್ಸೆಯ ಎಲ್ಲ ಪರೀಕ್ಷೆಗಳಲ್ಲಿಯೂ ರೋಗಿಗಳು ಗುಟ್ಟನ್ನು ಊಹಿಸಿಬಿಡುವ ಶಂಕೆಯು ಇದ್ದೇ ಇದೆ. ಈ ಶಂಕೆಯನ್ನು ಹಿಡಿದು ಪ್ರಬಂಧವನ್ನು ತಳ್ಳಿಹಾಕಬೇಕೆಂದು ಮೊದಲು ನಮಗೂ ತೋರಿತ್ತು. ಆದರೆ ಮತ್ತೆ ಯೋಚಿಸಿದಾಗ ಸಾಮಗ್ರಿಯೇ ಇದಕ್ಕೆ ಉತ್ತರ ಕೊಡುವುದನ್ನು ಕಂಡೆವು. ತಮಗೆ ಸಿಕ್ಕಿದ್ದು ಹುಸಿಯೆಂದು ತೋರಿಕೆಯ ಗುಂಪಿನವರು ಊಹಿಸಿದ್ದರೆ ನೂರಕ್ಕೆ 29ರಷ್ಟು ಸುಖವನ್ನು ಅವರು ವರದಿ ಮಾಡುತ್ತಿದ್ದರೇ? ಅವರ ಅಂಕವು ಪ್ರಬಂಧಕಾರರ ತೀರ್ಮಾನಕ್ಕೆ ಒಂದು ಕಡೆಯಿಂದ ಅಡ್ಡಿಯಾದರೆ ಮತ್ತೊಂದು ಕಡೆಯಿಂದ ಊರುಗೋಲೂ ಆಗಿದೆ. ಒಳಗಿನ ಆಧಾರದಿಂದ ಲೇಖ್ಯದ ನಂಬಿಕೆಯನ್ನು ಗೊತ್ತುಮಾಡುವುದೆಂದರೆ ಹೀಗೆ.

ಮೂರನೆಯದೇ ಮುಖ್ಯವಾದುದು. ಪ್ರಬಂಧದ ಶೀರ್ಷಿಕೆಯಲ್ಲಿ ಬಿಗಿತದ 'ಚಿಕಿತ್ಸೆ' ಎಂಬ ಮಾತಿದೆ. ಉಪಕರಣದ ಸಂಖ್ಯೆಯು ಬದಲಾಯಿತೆಂಬುದು ಒಂದು ಮಾತು. ರೋಗಿಗೆ ಉಪಕಾರವಾಯಿತೆಂಬುದು ಬೇರೊಂದು ಮಾತು. ಇವೆರಡರ ನಡುವಣ ದೂರವನ್ನು ಪ್ರಬಂಧವು ಅಳೆದು ತೋರಿಸಿದ ಮೇಲೂ ಶೀರ್ಷಿಕೆಯು ಅದನ್ನು ದಾಟಿಬಿಡುತ್ತದೆ. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿದುದೂ, ರೈಸ್ ಅವುಗಳನ್ನು ಎತ್ತಿಹಿಡಿದುದೂ ನಮ್ಮ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಆ ವಾದದಿಂದ ನಾವು ಕಲಿತ ಪಾಠವೊಂದುಂಟು: ಒಂದು ಪಟವು ತನ್ನ ತೇದಿಯ ವಿಷಯದಲ್ಲಿ ಸುಳ್ಳು ಹೇಳಿದರೂ ಊರಿನ ಎಲ್ಲೆಕಟ್ಟಿನ ವಿಷಯದಲ್ಲಿ ನಿಜ ಹೇಳುತ್ತಿರಬಹುದು. ಸಾಕ್ಷಿಯು ನಂಬತಕ್ಕವನೇ ಎಂದು ಸಾರಾಸಗಟಾಗಿ ಕೇಳದೆ, ಯಾವ ಸಂಗತಿಗೆ ನಂಬತಕ್ಕವನೆಂದು ಕೇಳಬೇಕು.

ಈ ರೀತಿಯಿಂದ ನೋಡಿದರೆ ಮೂವರು ಸಾಕ್ಷಿಗಳ ವಿರೋಧವು ಬಹುಮಟ್ಟಿಗೆ ಕರಗಿಹೋಗುತ್ತದೆ. ಅವರಿಗೆ ಕೇಳಿದ ಪ್ರಶ್ನೆಗಳೇ ಬೇರೆ. ಉಪಕರಣಕ್ಕೆ ಕೇಳಿದುದು ಮಾಂಸಖಂಡದ ಪ್ರತಿವರ್ತನೆಯನ್ನು. ರೋಗಿಗೆ ಕೇಳಿದುದು ಸ್ನಾನ, ಉಡುಪು, ನಡಿಗೆ ಮೊದಲಾದ ಬಾಳುವೆಯ ಕೆಲಸಗಳನ್ನು. ಈ ರೋಗದಲ್ಲಿ ಅಂತಹ ಕೆಲಸಗಳಿಗೆ ಅಡ್ಡಿಯಾಗುವುದು ಬಿಗಿತವೊಂದೇ ಅಲ್ಲ. ನಿಶ್ಶಕ್ತಿ, ದಣಿವು, ತೋಲ ತಪ್ಪುವುದು, ಮೂತ್ರದ ತೊಂದರೆ ಎಲ್ಲವೂ ಕೂಡಿರುತ್ತವೆ. ಸಾಲದುದಕ್ಕೆ ಬಿಗಿತವು ಕೆಲವರಿಗೆ ಉಪಕಾರಿಯೂ ಹೌದು: ಶಕ್ತಿಯಿಲ್ಲದ ಕಾಲು ಸೆಟೆದುಕೊಂಡಿರುವುದರಿಂದಲೇ ಮೈಭಾರವನ್ನು ಹೊರುತ್ತದೆ. ಬ್ಯಾಕ್ಲೋಫೆನ್ ಮೊದಲಾದ ಔಷಧಗಳಿಂದ ಬಿಗಿತವು ಅತಿಯಾಗಿ ಸಡಿಲವಾದಾಗ ನಿಲ್ಲಲಾರದೆ ಕುಸಿಯುವ ರೋಗಿಗಳನ್ನು ವೈದ್ಯರು ಬಲ್ಲರು. ಹೀಗಿರಲು ಪ್ರತಿವರ್ತನೆಯ ಮಿತಿಯು ನಾಲ್ಕು ಡಿಗ್ರಿ ಏರಿದ ಮಾತ್ರಕ್ಕೆ ಬಚ್ಚಲುಮನೆಯ ಹೊಸ್ತಿಲನ್ನು ದಾಟುವುದು ಸುಲಭವಾಗಬೇಕೆಂಬ ನಿಯಮವೇನೂ ಇಲ್ಲ.

ತೋರಿಕೆಯ ಗುಂಪಿನ 29ಕ್ಕೆ ಹಲವು ಕಾರಣಗಳಿರಬಹುದು. ದಿನಕ್ಕೆರಡು ಬಾರಿ ಆಸ್ಥೆಯಿಂದ ನೋಡಿಕೊಳ್ಳುವವರು ದೊರೆತರು. ಅಂಕ ಹಾಕಿಕೊಳ್ಳುವಾಗ ಅವರ ಶ್ರಮವನ್ನು ನೆನೆದರು. ಉಲ್ಬಣದಲ್ಲಿ ಸೇರಿದವರು ತಾವಾಗಿಯೇ ಇಳಿದರು. ಇಂಗ್ಲೆಂಡಿನ ಬಾತ್ ನಗರದಲ್ಲಿ 1799ರಲ್ಲಿ ಹೇಗಾರ್ತ್ ಎಂಬ ವೈದ್ಯನು ಅಂದು ಪ್ರಸಿದ್ಧವಾಗಿದ್ದ ಪರ್ಕಿನ್ಸನ ಲೋಹದ ಕಡ್ಡಿಗಳ ಬದಲು ಬಣ್ಣ ಬಳಿದ ಮರದ ಕಡ್ಡಿಗಳನ್ನು ಐವರು ಸಂಧಿವಾತದ ರೋಗಿಗಳ ಮೇಲೆ ಆಡಿಸಿದಾಗ ನಾಲ್ವರು ನೋವು ಇಳಿಯಿತೆಂದರು. ಆ ನಾಲ್ವರು ಸುಳ್ಳು ಹೇಳಿದರೆಂದು ಹೇಗಾರ್ತನೂ ಬಗೆಯಲಿಲ್ಲ. ತನ್ನ ಪುಸ್ತಕದ ಹೆಸರಿನಲ್ಲಿಯೇ ಕಲ್ಪನೆಯು ರೋಗಕ್ಕೆ ಕಾರಣವಾಗುವಂತೆ ಗುಣಕ್ಕೂ ಕಾರಣವೆಂದು ಸೂಚಿಸಿದನು. ನೋವಿಳಿಯಿತೆಂಬ ಮಾತಿಗೆ ನೊಂದವನಿಗಿಂತ ಮಿಗಿಲಾದ ಸಾಕ್ಷಿಯಿಲ್ಲ. ಕಡ್ಡಿಯಿಂದ ಇಳಿಯಿತೆಂಬ ಮಾತಿಗೆ ಅವನಿಗಿಂತ ದುರ್ಬಲನಾದ ಸಾಕ್ಷಿಯೂ ಇಲ್ಲ.

ವೈದ್ಯನು ಕೊಡುವ ಅಂಕವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಬಿಗಿತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿಯು 1964ರಲ್ಲಿ ಆಶ್‌ವರ್ತ್ ಎಂಬ ವೈದ್ಯನಿಂದ, ಈ ರೋಗದಲ್ಲಿಯೇ ಒಂದು ಔಷಧವನ್ನು ಪರೀಕ್ಷಿಸುವ ಸಂದರ್ಭದಲ್ಲಿ, ಬಳಕೆಗೆ ಬಂದಿತು. 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ ಅದಕ್ಕೆ ಒಂದು ನಡುಮೆಟ್ಟಿಲನ್ನು ಸೇರಿಸಿದರು. ಇದು ಕೈಯ ಅನುಭವದ ಅಂಕ. ವಸ್ತುನಿಷ್ಠವೆಂಬ ಗೌರವವು ಇದಕ್ಕೆ ದೊರೆಯುವುದು ಅಂಕಿಯ ರೂಪದಿಂದಲೇ ಹೊರತು ಸ್ವರೂಪದಿಂದಲ್ಲ. ವೈದ್ಯನ ಕೈಗೆ ಹತ್ತಿದುದು ಸಾಕ್ಷ್ಯವಾದರೆ ರೋಗಿಯ ಕಾಲಿಗೆ ಹತ್ತಿದುದೂ ಸಾಕ್ಷ್ಯವೇ. ಭೇದವಿರುವುದು ಕಣ್ಣುಪಟ್ಟಿಯಲ್ಲಿ, ಪದವಿಯಲ್ಲಲ್ಲ.

ಆಮೇಲಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 2007ರಲ್ಲಿ ಇಟಲಿಯ ಚೆಂತೋನ್ಸೆ ಮತ್ತು ಅವನ ಜೊತೆಯವರು ಸುರುಳಿಯನ್ನು ಬೆನ್ನಿನಿಂದ ತಲೆಗೆ ಒಯ್ದರು. ಕಾಲಿನ ಬಿಗಿತವುಳ್ಳ 19 ರೋಗಿಗಳಲ್ಲಿ ಮಿದುಳಿನ ಚಲನಕೇಂದ್ರದ ಮೇಲೆ ಎರಡು ವಾರ ಸ್ಪಂದಗಳನ್ನು ಹಾಯಿಸಿದಾಗ ಬಿಗಿತವು ತಗ್ಗಿ, ನಿಲ್ಲಿಸಿದ ಮೇಲೂ ಏಳು ದಿನವಾದರೂ ಗುಣವು ಉಳಿಯಿತೆಂದು ಅವರು ವರದಿ ಮಾಡಿದರು. 2013ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು ಈ ರೋಗದ ಬಿಗಿತಕ್ಕೆ ಔಷಧೇತರ ಉಪಾಯಗಳನ್ನು ಪರಿಶೀಲಿಸಿದಾಗ ಯೋಗ್ಯವೆಂದು ಕಂಡ ಪರೀಕ್ಷೆಗಳು ಒಟ್ಟು ಒಂಬತ್ತು. ಅವುಗಳಲ್ಲಿ ಇದ್ದವರು 341 ಮಂದಿ. ವ್ಯಾಯಾಮಕ್ಕೂ ಕಾಂತಪ್ರಚೋದನೆಗೂ ಕೆಳದರ್ಜೆಯ ಆಧಾರವುಂಟೆಂದು ಅದರ ಅಭಿಪ್ರಾಯ. ಕೆಳದರ್ಜೆಯೆಂದರೆ ಸುಳ್ಳೆಂದಲ್ಲ; ಇನ್ನೊಂದು ಒಳ್ಳೆಯ ಪರೀಕ್ಷೆಯು ಬಂದರೆ ತೀರ್ಪು ಬದಲಾಗಬಹುದೆಂದು. ಆ ಪರೀಕ್ಷೆಯನ್ನು ಮಾಡುವವರು ಚಿಕಿತ್ಸೆ ಮುಗಿದೊಡನೆ ಪ್ರತಿಯೊಬ್ಬ ರೋಗಿಯನ್ನೂ ನಿನಗೆ ದೊರೆತುದು ಯಾವುದೆಂದು ತೋರುತ್ತದೆ ಎಂದು ಕೇಳಿ ಉತ್ತರವನ್ನು ಅಚ್ಚು ಹಾಕಬೇಕು. ರೋಗಿಯ ಅಂಕವು ಎರಡು ಗುಂಪುಗಳಲ್ಲಿಯೂ ತನ್ನ ತನ್ನ ಮೊದಲಿನೊಡನೆ ಮಾತ್ರ ಹೋಲಿಕೆಯಾಗದೆ, ಒಂದರೊಡನೆ ಒಂದು ಹೋಲಿಕೆಯಾಗಬೇಕು. ಬಿಗಿತವು ಇಳಿದವರಲ್ಲಿ ಎಷ್ಟು ಜನರ ನಡಿಗೆಯು ಮೇಲಾಯಿತು, ಎಷ್ಟು ಜನರದು ಕೆಟ್ಟಿತು ಎಂಬುದನ್ನೂ ಹೇಳಬೇಕು.

ಈ ಲೇಖನದ ಕರಡನ್ನು ನಾವು ಗುರುಗಳಿಗೆ ಓದಿ ಹೇಳಿದೆವು. 29ರ ಸಂಖ್ಯೆಯು ಬಂದಾಗ ಅವರು ನಕ್ಕು, ತಾವು ಆ ಹದಿನೇಳು ಮಂದಿಯ ಸಾಲಿಗೆ ಸೇರಿದವರಿರಬಹುದೆಂದರು. ಪಟ್ಟಿಯನ್ನು ಮಾತ್ರ ಬಿಚ್ಚಲಿಲ್ಲ. ಆ ಬಳಿಕ ಕರಡನ್ನು ತೆಗೆದುಕೊಂಡು, ನಾವು ಒಂದು ಕಡೆ 'ರೋಗಿಯ ಭ್ರಮೆ' ಎಂದು ಬರೆದಿದ್ದುದನ್ನು ಹೊಡೆದುಹಾಕಿ ಅದರ ಮೇಲೆ 'ರೋಗಿಯ ಸಾಕ್ಷ್ಯ' ಎಂದು ನಡುಗುವ ಅಕ್ಷರಗಳಲ್ಲಿ ಬರೆದರು. ಶೀರ್ಷಿಕೆಯಲ್ಲಿ ಆ ತಿದ್ದುಪಡಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.